ಟಿಣ್ ಅಂದರೆ ಎಡಗೈ

ಪ್ರಸಂಗಗಳನ್ನು ನಾನು ಎಂದೂ ಹುಡುಕಿಕೊಂಡು ಹೋದವಳಲ್ಲ. ಅವೇ ಮೆಟ್ಟಿಲು ಹತ್ತಿಕೊಂಡು ಬಂದು, ಚಪ್ಪಲಿ ಬಿಟ್ಟು, ನನ್ನೆದುರು ಕೂತುಕೊಳ್ಳುತ್ತಿದ್ದವು. ಟೈಪಿಂಗ್ ಕಲಿಸುವ ಕಡೆ ಇಷ್ಟು ನಗು ಎಲ್ಲಿಂದ ಬಂತು ಅಂತ ಈಗಲೂ ಕೆಲವರು ಕೇಳುತ್ತಾರೆ. ಬಂದವರು ಟೈಪಿಂಗ್ ಕಲಿಯೋಕೆ ಬಂದರು, ನಗು ಅವರ ಹಿಂದೆಯೇ ಬಂತು, ಇಬ್ಬರನ್ನೂ ಒಳಗೆ ಬಿಟ್ಟುಕೊಂಡೆ, ಅಷ್ಟೆ.

ಎಪ್ಪತ್ತರ ದಶಕದ ನಡುಭಾಗ. ಮಳವಳ್ಳಿಯಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ನಮ್ಮಣ್ಣ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟಿದ್ದ. ಅವನು ಮಾಲೀಕ, ನಾನು ಕಲಿಸುವವಳು. ಅಂದರೆ ಬೋರ್ಡಿನ ಮೇಲೆ ಅವನ ಹೆಸರು, ಬೈಗುಳ ನನ್ನ ಪಾಲಿಗೆ. ಕಚೇರಿ ಕಾಗದವೆಲ್ಲ ಕನ್ನಡದಲ್ಲೇ ಹೋಗಬೇಕು ಅಂತ ಸರ್ಕಾರ ಹೊರಟ ಕಾಲ ಅದು. ತಲೆ ನರೆತ ಗುಮಾಸ್ತರೆಲ್ಲ ಹುಡುಗರ ಪಕ್ಕ ಕೂತು ಕನ್ನಡ ಟೈಪಿಂಗ್ ಕಲಿಯುವ ಹಾಗಾಯಿತು.

ಆಟ ಶುರುವಾದದ್ದು

ಟೈಪಿಂಗ್ ಪಾಠದಷ್ಟು ನಿದ್ದೆ ತರಿಸುವುದು ಪ್ರಪಂಚದಲ್ಲಿ ಇನ್ನೊಂದಿಲ್ಲ. ಅರ್ಥವಿಲ್ಲದ ಅದೇ ನಾಲ್ಕು ಅಕ್ಷರವನ್ನು ಹಾಳೆ ತುಂಬ ಹೊಡೆಯಬೇಕು. ಮಧ್ಯಾಹ್ನ ಮುದ್ದೆ ಉಂಡು ಬಂದವರು ಅರ್ಧ ಹಾಳೆಗೇ ಮಿಷನ್ನಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದರು. ಎದ್ದಾಗ ಹಣೆಯ ಮೇಲೆ ಕೀಲಿಗಳ ಗುಂಡು ಗುಂಡು ಗುರುತು.

ಅಣ್ಣ ಇಲ್ಲದ ಒಂದು ದಿನ ನಾನೊಂದು ಆಟ ಕಟ್ಟಿದೆ. ನಾನು ಒಗಟು ಹೇಳುವುದು. ಉತ್ತರವನ್ನು ಯಾರೂ ಬಾಯಲ್ಲಿ ಹೇಳಬಾರದು, ಬೆರಳಲ್ಲಿ ಹೇಳಬೇಕು. ಉತ್ತರದ ಪದವನ್ನೇ ಮತ್ತೆ ಮತ್ತೆ ಹೊಡೆಯುತ್ತ ಒಂದು ಗೆರೆ ತುಂಬಿಸಬೇಕು. ಗೆರೆ ಮುಗಿಯುವ ಹೊತ್ತಿಗೆ ಮಿಷನ್ನಿನೊಳಗೆ ‘ಟಿಣ್’ ಅಂತ ಗಂಟೆ ಹೊಡೆಯುತ್ತದೆ. ಆಗ ಎಡಗೈ ಎತ್ತಿ, ಕಾಗದ ಹೊತ್ತ ಕ್ಯಾರೇಜನ್ನು ಬಲಕ್ಕೆ ತಳ್ಳಬೇಕು. ಯಾರು ಮೊದಲು ಟಿಣ್ ಅನ್ನಿಸಿ ತಳ್ಳಿದರೋ ಅವರು ಗೆದ್ದರು. ಮುಂದಿನ ಒಗಟು ಅವರದು. ಎಲ್ಲರಿಗಿಂತ ಹಿಂದೆ ಬಿದ್ದವರು ಅಷ್ಟೂ ಮಿಷನ್ನಿನ ಧೂಳು ಒರೆಸಬೇಕು.

ಅವತ್ತಿನಿಂದ ನಿದ್ದೆ ಮಾಳಿಗೆ ಇಳಿದು ಓಡಿಹೋಯಿತು. ಒಗಟಿಗಾಗಿ ಮನೆಯಲ್ಲಿ ಅಜ್ಜಿಯರ ಪ್ರಾಣ ತಿಂದು, ಯಾರೂ ಕೇಳದ ಪದಗಳನ್ನೆಲ್ಲ ಕೆದಕಿಕೊಂಡು ಬರತೊಡಗಿದರು. ಒಬ್ಬ ನೇಗಿಲಿನ ಅಂಗಾಂಗಗಳ ಹೆಸರೆಲ್ಲ ತಂದ, ಒಬ್ಬಳು ಒಡವೆಗಳ ಹೆಸರು ತಂದಳು. ಟಿಣ್ ಟಿಣ್ ಸದ್ದಿಗೆ ಕೆಳಗೆ ಗೊಬ್ಬರ ಕೊಳ್ಳಲು ಬಂದವರು ಮೇಲೇನು ಪೂಜೆಯೋ ಅಂತ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರಂತೆ.

ಅಣ್ಣನಿಗೆ ಸುದ್ದಿ ಹೋಯಿತು. ದಡದಡ ಮೆಟ್ಟಿಲು ಹತ್ತಿ ಬಂದ.

“ಇದೇನು ಇನ್‌ಸ್ಟಿಟ್ಯೂಟೋ, ಜಾತ್ರೆಯೋ? ನಿಲ್ಲಿಸೇ ಇದನ್ನ!”

ನಾನು ಆಗತಾನೆ ಒಗಟು ಹೇಳಿ ಮುಗಿಸಿದ್ದೆ: ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಗೊತ್ತಿರುವುದು, ಯಾರೂ ಕಣ್ಣಲ್ಲಿ ಕಾಣದೆ ಇರುವುದು ಯಾವುದು?

ಅಣ್ಣ ಬೈಯುತ್ತಲೇ ಇದ್ದ. ಬೈಗುಳ ನಿಧಾನವಾಯಿತು. ಆಮೇಲೆ ನಿಂತೇ ಹೋಯಿತು. ಕೆಳಗೆ ಹೋದ. ಮತ್ತೆ ಬಂದು ಬಾಗಿಲಲ್ಲಿ ನಿಂತು, “ದೆವ್ವವೇನೇ?” ಅಂದ. ಅಲ್ಲ ಅಂದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಸಾರಿನಲ್ಲಿ ಬೆರಳಾಡಿಸುತ್ತಲೇ ಇದ್ದ. ಅತ್ತಿಗೆ ಹೆದರಿ, “ಇವರಿಗೇನಾಯ್ತು?” ಅಂದಳು. ಕೊನೆಗೆ ಅನ್ನ ಬಿಟ್ಟು ಎದ್ದು ಕೂಗಿದ: “ಬಸ್ಸಿನ ಟೈಮು!”

ಮಾರನೆಯ ದಿನದಿಂದ ಮೂಲೆಯ ಮಿಷನ್ನು ಅವನದು. ಧೂಳು ಒರೆಸುವ ಕೆಲಸವೂ ಹೆಚ್ಚುಕಡಿಮೆ ಅವನದೇ.

ಕರೆಯದೆ ಬರುವುದು

ಬ್ಲಫ್ ಅನ್ನುವ ಊರಿನಿಂದ ಒಬ್ಬ ಗುಮಾಸ್ತರು ಬಸ್ಸಿನಲ್ಲಿ ಬರುತ್ತಿದ್ದರು. ಶಿವನಸಮುದ್ರದ ಕರೆಂಟು ಹುಟ್ಟುವ ಜಾಗದ ಆಫೀಸಿನಲ್ಲಿ ಕೆಲಸ. ದಪ್ಪ ಮೀಸೆ, ದಪ್ಪ ಬೆರಳು. ಒಂದು ಕೀಲಿ ಒತ್ತಲು ಹೋದರೆ ಮೂರು ಅಕ್ಷರದ ಕಡ್ಡಿಗಳು ಒಟ್ಟಿಗೆ ಎದ್ದು ಮೇಲೆ ಜಡೆ ಹಾಕಿಕೊಳ್ಳುತ್ತಿದ್ದವು. ಟೈಪಿಂಗ್ ಪಾಸು ಮಾಡುತ್ತೀನಿ ಅಂತ ಒಪ್ಪಿಕೊಂಡು ಬಡ್ತಿ ತಗೊಂಡಿದ್ದರು. ಎರಡು ಸಲ ಫೇಲಾಗಿದ್ದರು.

“ಈ ಸಲಾನೂ ವೋದ್ರೆ ಏನಾಯ್ತದೆ?” ಅಂತ ಪಕ್ಕದ ಹುಡುಗ ಕೇಳಿದ.

“ವಾಪಸ್ ಸ್ಟೋರಿಗೆ ಆಕ್ತಾರೆ ಕಣಪ್ಪ.”

“ಆಕ್ಲಿ ಬುಡಿ, ಅದೂ ಕೆಲ್ಸಾನೇ ತಾನೆ?”

“ಸ್ಟೋರ್‌ಕೀಪರ್ ಯಾರು ಗೊತ್ತಾ? ನನ್ ಬಾಮೈದ!” ಅಂದು ಗುಮಾಸ್ತರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. “ನನ್ ಮನೇಲಿ ನನ್ ಮುದ್ದೆ ತಿಂದು ಬೆಳ್ದೋನು ಕಣಪ್ಪ. ನಾಳೆಯಿಂದ ಅವ್ನು ಕೂತಿರ್ತಾನೆ, ನಾನು ನಿಂತಿರ್ಬೇಕು. ರಜಾ ಬೇಕು ಅಂದ್ರೆ ಅವ್ನನ್ನ ಕೇಳ್ಬೇಕು!”

ನನಗೆ ನಗು ಬಂತು, ಪಾಪ ಅನ್ನಿಸಿತು. ಪಾಸು ಮಾಡಿಸಿಯೇ ತೀರುತ್ತೇನೆ ಅಂತ ಅವತ್ತೇ ಮನಸ್ಸಿನಲ್ಲಿ ಅಂದುಕೊಂಡೆ.

ಆದರೆ ಆ ಮನುಷ್ಯನ ತಲೆಯೊಳಗೆ ಬೇರೆ ಪದಕ್ಕೆ ಜಾಗವೇ ಇರಲಿಲ್ಲ. ಒಂದು ದಿನ ನಾನು ಒಗಟು ಹೇಳಿದೆ: ಕರೆಯದೆ ಬರುವುದು, ಓಡಿಸಿದರೂ ಹೋಗದೆ ಇರುವುದು, ತಟ್ಟೆಗೆ ಎಲ್ಲರಿಗಿಂತ ಮೊದಲು ಕೈ ಹಾಕುವುದು ಯಾವುದು? ನೊಣ ಅಂತ ಎಲ್ಲರಿಗೂ ಗೊತ್ತಾಯಿತು. ಎಲ್ಲರೂ ನೊಣ ನೊಣ ಅಂತ ಹೊಡೆಯುತ್ತಿರುವಾಗಲೇ ಗುಮಾಸ್ತರ ಮಿಷನ್ನು ಟಿಣ್ ಅಂದಿತು. ಜನ್ಮದಲ್ಲಿ ಮೊದಲ ಸಲ ಗೆದ್ದಿದ್ದರು. ಹೋಗಿ ಹಾಳೆ ನೋಡಿದೆ. ಗೆರೆ ತುಂಬ ಒಂದೂ ತಪ್ಪಿಲ್ಲದೆ ‘ಬಾಮೈದ ಬಾಮೈದ ಬಾಮೈದ’.

“ಉತ್ತರ ನೊಣ ಅಲ್ವೇನ್ರೀ?” ಅಂದೆ.

ಅಣ್ಣ ಮೂಲೆಯಿಂದ ಎದ್ದು ಬಂದ. ಹಾಳೆ ನೋಡಿದ. ಅತ್ತಿಗೆಯ ತಮ್ಮ ಆ ವಾರ ನಮ್ಮ ಮನೆಯಲ್ಲೇ ಇದ್ದ.

“ಒಗಟನ್ನ ಇನ್ನೊಂದು ಸಲ ಹೇಳು,” ಅಂದ. ಹೇಳಿದೆ. “ಸರಿಯಾಗೇ ಇದೆ. ಅವರೇ ಗೆದ್ದರು.”

ಇಲಿ ಕಚ್ಚಿದ ಟವಲ್ಲು

ಗುಮಾಸ್ತರ ದೊಡ್ಡ ರೋಗ ಅಂದರೆ ಕೀಲಿ ನೋಡಿಕೊಂಡು ಹೊಡೆಯುವುದು. ಮುಂದೆ ಇಟ್ಟ ಪಾಠ ನೋಡಬೇಕು, ಬೆರಳು ತನ್ನಷ್ಟಕ್ಕೆ ಹೋಗಬೇಕು. ಇವರ ಕಣ್ಣು ಬೆರಳನ್ನು ಬಿಟ್ಟು ಕದಲುತ್ತಿರಲಿಲ್ಲ. ಅದಕ್ಕೆ ನಾನು ಎಲ್ಲರಿಗೂ ಮನೆಯಿಂದ ಒಂದು ಟವಲ್ಲು ತರಲು ಹೇಳಿದೆ. ಒಂದು ತುದಿ ಮಿಷನ್ನಿಗೆ, ಇನ್ನೊಂದು ತುದಿ ಕೊರಳಿಗೆ, ಕೈ ಎರಡೂ ಒಳಗೆ. ಕ್ಷೌರದಂಗಡಿಯಲ್ಲಿ ಸಾಲಾಗಿ ಕೂತ ಹಾಗೆ ಕಾಣುತ್ತಿದ್ದರು.

ಒಂದು ವಾರದೊಳಗೆ ಗುಮಾಸ್ತರು ಬಾಣದ ಹಾಗೆ ಹೊಡೆಯತೊಡಗಿದರು. ನನಗೆ ಹೆಮ್ಮೆಯೋ ಹೆಮ್ಮೆ. ನನ್ನ ಉಪಾಯ ಹೇಗೆ ಅಂತ ಅಣ್ಣನೆದುರು ಕೊಚ್ಚಿಕೊಂಡೂ ಆಯಿತು.

ಆ ಶನಿವಾರ ಗುಮಾಸ್ತರ ಹೆಂಡತಿ ಸಂತೆಗೆ ಬಂದವರು ಮೇಲೆ ಹತ್ತಿ ಬಂದರು. ಅಗಲ ಕುಂಕುಮ, ಕೈಯಲ್ಲಿ ಚೀಲ. ಚೀಲದಿಂದ ಒಗೆದು ಮಡಿಚಿದ ಟವಲ್ಲು ತೆಗೆದು ನನ್ನ ಮೇಜಿನ ಮೇಲೆ ಹಾಸಿದರು.

“ಮೇಡಮ್ಮೋರೆ, ಒಸಾ ಟವಲ್ಲು. ಇಲಿ ಕಚ್ತು ಅಂತಾವ್ರೆ ನಮ್ಮೆಜಮಾನ್ರು. ನೀವು ಓದಿರೋರು, ನೀವೇ ಏಳಿ.” ಟವಲ್ಲಿನಲ್ಲಿ ಅಕ್ಕಪಕ್ಕ ಎರಡು ತೂತು. ಅವರು ಅದನ್ನೆತ್ತಿ ಮುಖಕ್ಕೆ ಹಿಡಿದರು. ಎರಡು ತೂತಿನಿಂದಲೂ ಎರಡು ಕಣ್ಣು ನನ್ನನ್ನೇ ನೋಡಿದವು.

“ಮೊಕದ್ ಅಳತೆ ತಗೊಂಡು ಕಚ್ಚೋ ಇಲಿ ನಿಮ್ ಕಡೆ ಅವ್ಯಾ?”

ಪಟೇಲರ ಪೇಟ

ಟವಲ್ಲು ಬದಲಾಯಿತು. ಹೆಂಡತಿಯೇ ದಪ್ಪ ದುಪ್ಪಟಿ ಕಳಿಸಿದರು. ಬ್ಲಫ್‌ನಲ್ಲಿ ಗುಮಾಸ್ತರು ಅಡುಗೆಮನೆ ಮಣೆಯ ಮೇಲೂ ಬೆರಳು ಕುಣಿಸುತ್ತಿದ್ದರಂತೆ. ಅಂತೂ ನಿಜವಾಗಿ ಕಲಿತರು. ಆಟದಲ್ಲಿ ದಿನಾ ಗೆಲ್ಲತೊಡಗಿದರು. ಟಿಣ್ ಅಂದ ಕೂಡಲೇ ಅವರ ಎಡಗೈ ಮಿಂಚಿನ ಹಾಗೆ ಎದ್ದು ಬಲಕ್ಕೆ ಹೋಗುತ್ತಿತ್ತು. ಕಲಿಸಿದ್ದು ನಾನೇ, ಆದ್ದರಿಂದ ಮುಂದಿನದರಲ್ಲಿ ನನಗೂ ಪಾಲಿದೆ.

ಶಿವನಸಮುದ್ರದ ದೇವಸ್ಥಾನದಲ್ಲಿ ಮಂಗಳಾರತಿ. ಗಂಡಹೆಂಡತಿ ಇಬ್ಬರೂ ಹೋಗಿದ್ದಾರೆ. ಗುಮಾಸ್ತರ ಮುಂದೆ, ಗರ್ಭಗುಡಿಯ ಹೊಸ್ತಿಲ ಹತ್ತಿರ, ಪಕ್ಕದ ಹಳ್ಳಿಯ ಪಟೇಲರು. ದೇವರೆದುರು ತಲೆಯ ಮೇಲೆ ಪೇಟ ಇರಬಾರದು ಅಂತ ತೆಗೆದು ಅಂಗೈ ಮೇಲೆ ಇಟ್ಟುಕೊಂಡಿದ್ದಾರೆ. ಮಗನ ಮದುವೆಗೆ ತಂದ ಜರಿಪೇಟ. ಅರ್ಚಕರು ಆರತಿ ಎತ್ತಿ ಗಂಟೆ ಅಲ್ಲಾಡಿಸಿದರು.

ಟಿಣ್!

ಗುಮಾಸ್ತರ ಎಡಗೈ ಎದ್ದಿತು, ಪಟೇಲರ ಮೊಣಕೈಯನ್ನು ತಳ್ಳಿತು. ಪೇಟ ಹಾರಿ ಹೊಸ್ತಿಲು ದಾಟಿ ನೇರವಾಗಿ ದೇವರ ಪಾದದ ಹತ್ತಿರ ಬಿತ್ತು. ಅರ್ಚಕರು ಬಗ್ಗಿ ಎತ್ತಿಕೊಂಡು, ಎರಡು ಹೂ ಇಟ್ಟು, ಗಟ್ಟಿಯಾಗಿ ಸಾರಿದರು: “ಪಟೇಲ್ರು ಸ್ವಾಮಿಗೆ ಜರಿಪೇಟ ಒಪ್ಪಿಸಿದ್ದಾರೆ!”

ಜನರೆಲ್ಲ ಕೈಮುಗಿದರು. ಪಟೇಲರೂ ಕೈಮುಗಿಯಬೇಕಾಯಿತು. ಊರೇ ಹೊಗಳುವಾಗ ಬಿದ್ದದ್ದು ಅಂತ ಹೇಳುವುದು ಹೇಗೆ? ಹೊರಗೆ ಬಂದು ಗುಮಾಸ್ತರ ಕಿವಿಯಲ್ಲಿ ಹೇಳಿದರಂತೆ, “ನೀನು ಮುಂದಿನ್ ಸಲ ಬರಾದಾದ್ರೆ ಮೊದ್ಲೇ ಏಳ್ಕಳಿಸ್ಲಾ. ನಾನು ಅಳೇ ಟವಲ್ ಸುತ್ಕಂಡ್ ಬತ್ತೀನಿ.”

ಟ್ರಾಲಿಯಲ್ಲಿ

ಬ್ಲಫ್‌ನಲ್ಲಿ ಆಫೀಸು ಮೇಲೆ, ಪವರ್‌ಹೌಸು ಕೆಳಗೆ ಕಣಿವೆಯಲ್ಲಿ. ಇಳಿಯಲು ಹಳಿಯ ಮೇಲೆ ಒಂದು ಟ್ರಾಲಿ. ಎಲ್ಲರೂ ಕೂತ ಮೇಲೆ ಗಂಟೆ ಹೊಡೆಯುತ್ತಾರೆ, ಆಮೇಲೆ ಟ್ರಾಲಿ ಹೊರಡುತ್ತದೆ.

ಪರೀಕ್ಷೆಗೆ ಸ್ವಲ್ಪ ದಿನ ಇರುವಾಗ ಗುಮಾಸ್ತರು ತಲೆ ತಗ್ಗಿಸಿಕೊಂಡು ಬಂದರು. ಟ್ರಾಲಿಯಲ್ಲಿ ಅವರ ಮುಂದಿನ ಸೀಟಿನಲ್ಲಿ ಬಾಮೈದ ಕೂತಿದ್ದನಂತೆ. ಇವರ ಎಡಗೈ ಎದ್ದು ಅವನ ತಲೆಗೆ ಫಟ್ ಅಂತ ಬಿತ್ತಂತೆ. ಆಫೀಸಿನವರೆಲ್ಲ ನೋಡಿದರಂತೆ.

ನನಗೆ ನಾಚಿಕೆಯಾಯಿತು. “ತಪ್ಪು ನಿಮ್ಮದಲ್ಲ. ಗಂಟೆ ಕೇಳಿದ್ರೆ ಕೈ ಏಳೋ ಹಾಗೆ ನಾನೇ ಕಲಿಸಿಬಿಟ್ಟಿದ್ದೀನಿ. ನಿಮ್ಮ ಬಾಮೈದನ ಹತ್ತಿರ ನಾನೇ ಬಂದು ಹೇಳ್ತೀನಿ,” ಅಂದೆ.

“ಬ್ಯಾಡಿ ಮೇಡಮ್ಮೋರೆ,” ಅಂದರು ಗುಮಾಸ್ತರು. ಸುತ್ತ ನೋಡಿ ದನಿ ತಗ್ಗಿಸಿದರು. “ಗಂಟೆ ಆಮ್ಯಾಕ್ ವೊಡೀತು.”

ಮಂಡ್ಯದ ಬಸ್ಸು

ಪರೀಕ್ಷೆ ಮಂಡ್ಯದಲ್ಲಿ. ಆಗೆಲ್ಲ ಮಿಷನ್ನನ್ನು ನಾವೇ ಒಯ್ಯಬೇಕಿತ್ತು. ಗುಮಾಸ್ತರು ತಮ್ಮ ಮಿಷನ್ನನ್ನು ಬಸ್ಸಿನ ಮೇಲೆ ಹಾಕಲು ಒಪ್ಪಲಿಲ್ಲ, ತೊಡೆಯ ಮೇಲೇ ಇಟ್ಟುಕೊಂಡರು. ಕ್ಯಾರೇಜು ಸರಿಯದ ಹಾಗೆ ಕಟ್ಟುವ ದಾರ ಕೊಡಲು ಅಣ್ಣ ಮಳವಳ್ಳಿಯಲ್ಲಿ ಮರೆತಿದ್ದ. ಗುಮಾಸ್ತರ ಬಲಕ್ಕೆ ಕಿಟಕಿಯ ಹತ್ತಿರ ಒಬ್ಬ ಮುದುಕರು. ಹಿಂದಿನ ಸೀಟಿನಲ್ಲಿ ನಾನು ಮತ್ತು ಗುಮಾಸ್ತರ ಹೆಂಡತಿ.

ಕಂಡಕ್ಟರು ಹಗ್ಗ ಎಳೆದರು. ಡ್ರೈವರ್ ಹತ್ತಿರ ಟಿಣ್ ಅಂದಿತು. ಗುಮಾಸ್ತರ ಎಡಗೈ ಎದ್ದು ಕ್ಯಾರೇಜನ್ನು ಬಲಕ್ಕೆ ತಳ್ಳಿತು. ಕ್ಯಾರೇಜು ಸರ್ರನೆ ಹೋಗಿ ಮುದುಕರ ಪಕ್ಕೆಗೆ ತಿವಿಯಿತು.

“ಅಯ್ಯಪ್ಪಾ! ಏನ್ಲಾ ಅದು?”

ಗುಮಾಸ್ತರು ಕೈಮುಗಿದು, ಕ್ಯಾರೇಜನ್ನು ಎಡಕ್ಕೆ ಎಳೆದುಕೊಂಡರು. ಮುಂದಿನ ಸ್ಟಾಪು ಬಂತು. ಟಿಣ್, ತಿವಿತ. ಅದರ ಮುಂದಿನದು. ಟಿಣ್, ತಿವಿತ. ಮಳವಳ್ಳಿಯಿಂದ ಮದ್ದೂರಿಗೆ ಎಷ್ಟು ಹಳ್ಳಿಯೋ ಮುದುಕರಿಗೆ ಅಷ್ಟು ತಿವಿತ. ನನಗೆ ನಗಲೂ ಆಗದು, ತಡೆಯಲೂ ಆಗದು. ಬಾಯಿಗೆ ಸೆರಗು ತುರುಕಿಕೊಂಡೆ.

ಮದ್ದೂರಿನಲ್ಲಿ ಬಸ್ಸು ನಿಂತಾಗ ಮುದುಕರು ತಿರುಗಿ ಕೂತರು. ಈಗ ಜಗಳ ಗ್ಯಾರಂಟಿ ಅಂದುಕೊಂಡೆ. ಅವರು ಮಿಷನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ ಕೇಳಿದರು:

“ಇದು ಸ್ಟಾಪ್ ಬಂದಾಗೆಲ್ಲ ಎಬ್ಬಸ್ತದೇನಪ್ಪ?”

“ಅಂಗೇ ಅನ್ಕಳಿ ಅಜ್ಜ.”

“ಒಳ್ಳೇದಾಯ್ತು. ರಾತ್ರಿಯೆಲ್ಲ ನಿದ್ದೆಯಿಲ್ಲ. ಮಂಡ್ಯ ಬಂದ್ರೆ ಎಲ್ಡ್ ಸಲ ತಿವಿಸು,” ಅಂದು ಕಣ್ಣು ಮುಚ್ಚಿದರು.

ಸ್ವಂತದ್ದು

ನಗು ಅಲ್ಲಿಗೆ ಮುಗಿಯಿತು. ನನಗೆ ಮುಂದಿನದು ನೆನಪಾಯಿತು. ಪರೀಕ್ಷೆಯ ಹಾಲಿನಲ್ಲಿ ಒಂದಲ್ಲ, ಸಾಲು ಸಾಲು ಮಿಷನ್ನುಗಳು. ಎಲ್ಲವೂ ಟಿಣ್ ಟಿಣ್ ಅನ್ನುತ್ತಲೇ ಇರುತ್ತವೆ. ಯಾರ ಗಂಟೆಗೋ ಇವರ ಕೈ ಎದ್ದು ಅರ್ಧ ಗೆರೆಗೇ ಕ್ಯಾರೇಜು ತಳ್ಳಿದರೆ ಹಾಳೆ ಚಿತ್ರಾನ್ನ. ಪಾಸು ಮಾಡಿಸುತ್ತೇನೆ ಅಂತ ಹೊರಟ ನಾನೇ ಈ ಮನುಷ್ಯನನ್ನು ಬಾಮೈದನ ಮುಂದೆ ನಿಲ್ಲಿಸುತ್ತೇನಲ್ಲ ಅಂತ ಹೆದರಿ ಅವರ ಹೆಂಡತಿಗೆ ಹೇಳಿದೆ.

ಉಪಾಯ ತೆಗೆದವರು ಹೆಂಡತಿ. ದೇವಸ್ಥಾನಕ್ಕೆಂದು ತಂದಿದ್ದ ಚೀಲದಿಂದ ಹೂಬತ್ತಿ ತೆಗೆದು ಗಂಡನ ಎರಡೂ ಕಿವಿಗೆ ತುರುಕಿದರು. “ಕೇಳಿಸ್ತದಾ?” ಅಂತ ಕೂಗಿದರು. ಗುಮಾಸ್ತರು, “ಆ?” ಅಂದರು. ಅಷ್ಟಕ್ಕೇ ನಮಗೆ ಸಮಾಧಾನವಾಯಿತು.

ಒಂದು ಹೈಸ್ಕೂಲಿನ ಹಾಲು. ನಾವು ಕಿಟಕಿಯ ಹೊರಗೆ ವರಾಂಡದಲ್ಲಿ. ಜವಾನ ಶಾಲೆಯ ಗಂಟೆ ಹೊಡೆದ. ಎಲ್ಲರೂ ಶುರು ಮಾಡಿದ್ದನ್ನು ನೋಡಿ ಗುಮಾಸ್ತರೂ ಶುರು ಮಾಡಿದರು. ಏನು ಹೊಡೆದರು ಅಂತೀರಿ! ಸುತ್ತ ಗಂಟೆಗಳ ಮಳೆ, ಇವರ ಎಡಗೈ ತನ್ನ ಗೆರೆ ಮುಗಿದು ಬೆರಳಿಗೆ ಕೀಲಿ ಬಿಗಿದಾಗ ಮಾತ್ರ ಏಳುತ್ತಿತ್ತು. ಕಣ್ಣು ಪಾಠದ ಮೇಲೆ. ಬೆರಳಿನ ಕಡೆ ಒಂದು ಸಲವೂ ನೋಡಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ.

ಹೊತ್ತು ಮುಗಿಯಿತು. ಜವಾನ ಗಂಟೆ ಹೊಡೆದ. ಎಲ್ಲರೂ ಕೈಯೆತ್ತಿದರು. ಮಿಷನ್ನುಗಳೆಲ್ಲ ನಿಂತವು. ಒಂದು ಮಿಷನ್ನು ಮಾತ್ರ ಟಪಟಪ ಟಪಟಪ.

ಹೂಬತ್ತಿ! ಗಂಟೆ ಆದ ಮೇಲೆ ಒಂದಕ್ಷರ ಹೊಡೆದರೂ ಪೇಪರು ರದ್ದು ಅಂತ ಮೊದಲೇ ಹೇಳಿದ್ದರು. ನಾನು ಕಿಟಕಿಯಲ್ಲಿ ಎರಡೂ ಕೈ ಬೀಸಿದೆ. ಹೆಂಡತಿ, “ನಿಲ್ಸ್ರೀ! ನಿಲ್ಸ್ರೀ!” ಅಂತ ಬಾಯಿ ಬಡಿದುಕೊಂಡರು. ಗುಮಾಸ್ತರು ಮಾತ್ರ ಮೈಮರೆತು ಹೊಡೆಯುತ್ತಲೇ ಇದ್ದರು. ಮೇಲ್ವಿಚಾರಕರು ಸಿಡಿಮಿಡಿ ಅನ್ನುತ್ತ ಬಂದು ಭುಜ ಹಿಡಿದು ಅಲ್ಲಾಡಿಸಿದರು.

“ಗಂಟೆ ಕೇಳಲಿಲ್ವೇನ್ರೀ? ಪೇಪರು ಕ್ಯಾನ್ಸಲ್!”

ಗುಮಾಸ್ತರು ಗಾಬರಿಯಲ್ಲಿ ಕಿವಿಯ ಬತ್ತಿ ಕಿತ್ತರು. “ಪೇಪರು ಆಗ್ಲೇ ಮುಗೀತು ಸಾರ್. ಅಲ್ಲೇ ಅದೆ ನೋಡಿ.” ನಿಜ. ಪೂರ್ತಿ ಮುಗಿದ ಹಾಳೆ ಮೇಜಿನ ಮೇಲೆ ಮಗುಚಿ ಇಟ್ಟಿತ್ತು. ಪಕ್ಕದವನೂ, “ಹೌದು ಸಾರ್, ಗಂಟೆಗೆ ಮುಂಚೆಯೇ ಇಟ್ಟರು,” ಅಂದ.

“ಮತ್ತೆ ಇಷ್ಟೊತ್ತು ಹೊಡೀತಿದ್ದದ್ದೇನು?” ಮೇಲ್ವಿಚಾರಕರು ಮಿಷನ್ನಿನಲ್ಲಿದ್ದ ಹಾಳೆ ಸರ್ರನೆ ಎಳೆದರು. ಮೇಲಿಂದ ಕೆಳಗೆ ಒಂದೇ ಪದ. ಬಾಮೈದ ಬಾಮೈದ ಬಾಮೈದ ಬಾಮೈದ. “ಏನ್ರೀ ಇದು?”

ಗುಮಾಸ್ತರು ನೆಲ ನೋಡಿಕೊಂಡು ಹೇಳಿದರು, “ಅದು ಸ್ವಂತದ್ದು ಸಾರ್.”

ಮೇಲ್ವಿಚಾರಕರು ಆ ಹಾಳೆಯನ್ನು ಇನ್ನೊಂದು ಸಲ ಓದಿದರು. ಮುಖದ ಸಿಟ್ಟು ಕರಗಿತು. ಅತ್ತಿತ್ತ ನೋಡಿ, ನಾಲ್ಕು ಮಡಿಕೆ ಮಾಡಿ, ತಮ್ಮ ಜೇಬಿಗೆ ಹಾಕಿಕೊಂಡರು.

“ನಮ್ಮನೇಲೂ ಒಬ್ಬ ಇದಾನೆ,” ಅಂದರು. “ಹೋಗಿ ಬನ್ನಿ.”

ಮುಡಿ

ಫಲಿತಾಂಶ ಬಂದ ಮಾರನೆಯ ದಿನ ನಮ್ಮ ಮಾಳಿಗೆಗೆ ಒಬ್ಬ ಅಪರಿಚಿತ ಏರಿ ಬಂದ. ನುಣ್ಣಗೆ ಬೋಳಿಸಿದ ತಲೆ, ಅದರ ಮೇಲೆ ಗಂಧ. ಕೈಯಲ್ಲಿ ಮದ್ದೂರು ವಡೆಯ ದೊಡ್ಡ ಪೊಟ್ಟಣ. ಹಿಂದೆಯೇ ನಮ್ಮ ಗುಮಾಸ್ತರು, ಮೀಸೆ ತಿರುವಿಕೊಂಡು.

“ಮೇಡಮ್ಮೋರೆ, ಬಾವ ಪಾಸಾದ್ರು!” ಅಂದವನೇ ಆತ ನನ್ನ ಕಾಲಿಗೆ ಬಗ್ಗಿದ.

ಬಾವ ಅಂದಾಗಲೇ ಗೊತ್ತಾಯಿತು. ಇವನೇ ಆ ಬಾಮೈದ! ನಾವು ತಿಂಗಳುಗಟ್ಟಲೆ ಗೆರೆಗಟ್ಟಲೆ ಹೊಡೆದ ಪದ, ಜೀವ ತಳೆದು ವಡೆ ಹಿಡಿದುಕೊಂಡು ನಿಂತಿತ್ತು.

“ತಲೆ ಯಾಕಪ್ಪ ಬೋಳಿಸಿದ್ದು?” ಅಂದೆ.

“ಅರಕೆ ಕಣಮ್ಮ. ಬಾವ ಪಾಸಾದ್ರೆ ಮುಡಿ ಕೊಡ್ತೀನಿ ಅಂದಿದ್ದೆ. ಈ ವಯ್ಯ ಫೇಲಾಗಿ ನನ್ ಕೈ ಕೆಳಕ್ ಬಂದಿದ್ರೆ ನನ್ ಗತಿ ಏನು ಏಳಿ! ಕೆಲ್ಸ ಏಳಂಗಿಲ್ಲ, ಬಯ್ಯಂಗಿಲ್ಲ. ಬಯ್ದ್ರೆ ಸಂಜೆ ಅಕ್ಕ ಮುದ್ದೆ ಇಕ್ಕಲ್ಲ. ಅದ್ನ ನೆನೆಸ್ಕಂಡು ನಂಗೆ ಊಟ ಸೇರ್ತಿರ್ಲಿಲ್ಲ ಕಣಮ್ಮ!”

ಗುಮಾಸ್ತರು ಬಾಮೈದನ ಕಡೆ ತಿರುಗಿದರು. ಇವನೂ ಹೆದರಿಕೊಂಡಿದ್ದ ಅಂತ ಅವರಿಗೆ ಅವತ್ತೇ ಗೊತ್ತಾದದ್ದು. ಪ್ರೀತಿಯಿಂದ ಏನೋ ಹೇಳಲು ಒಂದು ಹೆಜ್ಜೆ ಮುಂದೆ ಬಂದರು. ಅಷ್ಟರಲ್ಲಿ ಕೆಳಗೆ ಗೊಬ್ಬರದಂಗಡಿಯ ಮುಂದೆ ಯಾರದೋ ಸೈಕಲ್ಲು ಟಿಣ್ ಅಂದಿತು.

ಎಡಗೈ ಎದ್ದಿತು. ಹೊಸ ಬೋಳುತಲೆಯ ಮೇಲೆ ಫಟ್ ಅಂತ ಬಿದ್ದ ಸದ್ದಿಗೆ ಇಡೀ ಮಾಳಿಗೆ ತಿರುಗಿ ನೋಡಿತು.

ಬಾಮೈದ ತಲೆ ನೀವಿಕೊಂಡ. ಬಾವನ ಮುಖ ನೋಡಿದ. ಆಮೇಲೆ ಹಲ್ಲು ಬಿಟ್ಟು ನಕ್ಕ.

“ಇರ್ಲಿ ಬುಡಿ ಬಾವ. ಈ ಸಲ ಗಂಟೆ ವೊಡೆದ್ ಮ್ಯಾಕೇ ಬಿತ್ತು.”